ಚುಕ್ಕಿ ಈಗ ನಾಲ್ಕು ಗಂಟೆ ಒಬ್ಬಳೇ ಇರುತ್ತಾಳೆ

ಹೋದ ವಾರ ನಾಲ್ಕು ಗಂಟೆ ಹೊರಗಿದ್ದೆ. ನನ್ನ ನಾಯಿ ಚುಕ್ಕಿ ಮನೆಯಲ್ಲಿ ಒಬ್ಬಳೇ. ಬಂದು ರೆಕಾರ್ಡಿಂಗ್ ನೋಡಿದರೆ ಮೂರು ಗಂಟೆಗೂ ಜಾಸ್ತಿ ನಿದ್ದೆ ಮಾಡಿದ್ದಾಳೆ. ಒಮ್ಮೆ ಎದ್ದು ನೀರು ಕುಡಿದು, ಮಗ್ಗುಲು ಬದಲಿಸಿ ಮತ್ತೆ ಮಲಗಿದ್ದಾಳೆ. ಒಂದು ವರ್ಷದ ಹಿಂದೆ ಇದೇ ನಾಯಿ, ನಾನು ಕಸ ಹಾಕಿ ಬರುವಷ್ಟರಲ್ಲಿ ಬಾಗಿಲ ಚೌಕಟ್ಟು ಕೆರೆದು ಉಗುರಲ್ಲಿ ರಕ್ತ ಬರಿಸಿಕೊಂಡಿದ್ದಳು. ಒಬ್ಬಳೇ ಇರುವುದನ್ನು ಕೆಲವೇ ಸೆಕೆಂಡಿನಿಂದ ಶುರುಮಾಡಿ ಕಲಿಸುವ ನನ್ನ ದಾರಿ ಕೇಳಿ ತಲೆ ಅಲ್ಲಾಡಿಸಿದವರು ಬಹಳ ಜನ. "ನಾಲ್ಕು ದಿನ ಅಳಲಿ ಬಿಡಿ, ತಾನೇ ಸರಿಹೋಗ್ತಾಳೆ" ಅನ್ನುವುದು ಅವರ ಸಲಹೆ. ಅವರಿಗೆ ಆ ರೆಕಾರ್ಡಿಂಗ್ ತೋರಿಸಿದೆ. ಈಗ ನಿಮಗಾಗಿ ಬರೆಯುತ್ತಿದ್ದೇನೆ.

ಅಳಲು ಬಿಡುವುದನ್ನು ನಾನೂ ಮಾಡಿದ್ದೆ. ಐದನೇ ದಿನ ಸದ್ದಿಲ್ಲ. ಬಹಳ ಖುಷಿಪಟ್ಟೆ. ಆಮೇಲೆ ಹಳೇ ಫೋನನ್ನು ಮೂಲೆಯಲ್ಲಿಟ್ಟು ರೆಕಾರ್ಡ್ ಮಾಡಿದೆ. ಬಾಗಿಲ ಮುಂದೆ ನಿಂತೇ ಇದ್ದಳು. ಏದುಸಿರು, ನಡುಕ, ನೆಲದ ಮೇಲೆ ಜೊಲ್ಲು. ಬೊಗಳುವುದು ಮಾತ್ರ ನಿಂತಿತ್ತು. ಆ ವಿಡಿಯೋ ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆಮೇಲೆ ಗಟ್ಟಿ ಸರಳಿನ ಕ್ರೇಟ್, ಅಂದರೆ ನಾಯಿಯನ್ನು ಒಳಗಿಡುವ ಪಂಜರ, ತಂದೆ. ಮೂರನೇ ದಿನಕ್ಕೆ ಸರಳು ಕಚ್ಚಿ ಕೋರೆಹಲ್ಲು ಮುರಿದುಕೊಂಡಳು. ಹಲ್ಲಿನ ಚಿಕಿತ್ಸೆಗೆ ಕ್ರೇಟಿನ ಮೂರು ಪಟ್ಟು ಹೋಯಿತು. ಮೈಗೆ ಬಿಗಿಯುವ ಅಂಗಿ, ನಾಯಿಯನ್ನು ಶಾಂತಗೊಳಿಸಲೆಂದು ವಾಸನೆ ಬಿಡುವ, ಗೋಡೆಗೆ ಸಿಕ್ಕಿಸುವ ಫೆರೊಮೋನ್ ಡಬ್ಬಿ, ಬಾಗಿಲ ರಿಪೇರಿ ಎರಡು ಸಲ. ಎಲ್ಲಾ ಸೇರಿ ಸುಮಾರು ಎರಡು ತಿಂಗಳ ಸಂಬಳ. ಕೊನೆಗೆ ಕೆಲಸಕ್ಕೆ ಬಂದಿದ್ದು ಆ ಹಳೇ ಫೋನು.

ರೆಕಾರ್ಡಿಂಗ್‌ನಲ್ಲಿ ನಾನು ಹುಡುಕಿದ್ದು ಮೊದಲ ಸೂಚನೆಯನ್ನು. ಬಾಗಿಲು ಮುಚ್ಚಿ ಆರೇಳು ಸೆಕೆಂಡಿಗೆ ತುಟಿ ನೆಕ್ಕುತ್ತಿದ್ದಳು. ಆಮೇಲೆ ಆಕಳಿಕೆ, ಇಪ್ಪತ್ತಕ್ಕೆ ಓಡಾಟ ಶುರು. ಹಾಗಾಗಿ ಎರಡು ಸೆಕೆಂಡಿನಿಂದ ಆರಂಭಿಸಿದೆ. ನಾನು ಹೊರಗೆ ಹೋಗುವುದು, ಒಳಗೆ ಬರುವುದು, ಕೂರುವುದು. ದಿನಕ್ಕೆ ಐದಾರು ಸಲ, ವಾರಕ್ಕೆ ಐದು ದಿನ. ಎರಡು ದಿನ ಪೂರ್ತಿ ರಜೆ, ಈ ರಜೆ ಬೇಕೇ ಬೇಕು.

ಮಾಡಿದ ತಪ್ಪು ಅಂದರೆ ಪ್ರತಿ ಸಲ ಹೆಚ್ಚಿಸುತ್ತಾ ಹೋಗಿದ್ದು. ಹತ್ತು, ಇಪ್ಪತ್ತು, ನಲವತ್ತು. ಒಂದೂವರೆ ನಿಮಿಷಕ್ಕೆ ಎಲ್ಲಾ ಕುಸಿಯಿತು, ಮತ್ತೆ ಐದು ಸೆಕೆಂಡಿಗೆ ಬಂದೆ. ಆಮೇಲೆ ಹೊತ್ತನ್ನು ಹಿಂದೆಮುಂದೆ ಮಾಡಿ ಕಲಸಿದೆ: ನಲವತ್ತು ಸೆಕೆಂಡು, ಐದು, ಇಪ್ಪತ್ತೈದು, ಒಂದು ನಿಮಿಷ, ಮತ್ತೆ ಮೂರು ಸೆಕೆಂಡು. ಈ ಸಲ ಎಷ್ಟು ಹೊತ್ತು ಅಂತ ಅವಳು ಅಂದಾಜು ಮಾಡುವ ಹಾಗಿರಲಿಲ್ಲ. ಸುಲಭದ್ದೇ ಜಾಸ್ತಿ ಸಿಗುತ್ತಿತ್ತು.

ಇನ್ನು ಎಲ್ಲರೂ ನಕ್ಕಿದ್ದು ಈ ಭಾಗಕ್ಕೆ. ಅಭ್ಯಾಸದ ಹೊತ್ತು ಬಿಟ್ಟರೆ ಅವಳನ್ನು ಒಂದು ನಿಮಿಷವೂ ಒಂಟಿಯಾಗಿ ಬಿಡಲಿಲ್ಲ. ಸುಮಾರು ಏಳು ತಿಂಗಳು! ತಂಗಿ, ಪಕ್ಕದ ಮನೆಯವರು, ಉಳಿದಂತೆ ದುಡ್ಡು ಕೊಟ್ಟು ಕೂರಿಸಿದ ಒಬ್ಬ ಹುಡುಗ. ಅವನಿಗೆ ಕೊಟ್ಟಿದ್ದೇ ದೊಡ್ಡ ಖರ್ಚು. ಆದರೆ ಹತ್ತು ದಿನ ಕಲಿಸಿದ್ದನ್ನು ಒಂದು ಗಾಬರಿ ಅಳಿಸಿಹಾಕುತ್ತೆ, ಅದನ್ನು ಎರಡು ಸಲ ಕಣ್ಣಾರೆ ನೋಡಿದ್ದೇನೆ.

ಇಪ್ಪತ್ತೆರಡು ನಿಮಿಷಕ್ಕೆ ಬಂದು ಮೂರು ವಾರ ಅಲ್ಲೇ ನಿಂತಿತು. ಪಶುವೈದ್ಯರು ಮೊದಲೇ ಔಷಧಿ ಬಗ್ಗೆ ಹೇಳಿದ್ದರು, ನಾನೇ ಬೇಡ ಅಂದಿದ್ದೆ. ಆಗ ಒಪ್ಪಿ ಆತಂಕ ಕಡಿಮೆ ಮಾಡುವ ಫ್ಲುಯೊಕ್ಸೆಟಿನ್ ಶುರು ಮಾಡಿದೆ. ಅದು ಮೈಗೆ ಹತ್ತಲು ಒಂದೂವರೆ ತಿಂಗಳು ಬೇಕಾಯಿತು. ಮೊದಲೇ ಒಪ್ಪಿದ್ದರೆ ಎರಡು ತಿಂಗಳಾದರೂ ಉಳಿಯುತ್ತಿತ್ತು. ನಲವತ್ತು ನಿಮಿಷ ದಾಟಿದ ಮೇಲೆ ಸೆಕೆಂಡ್ ಲೆಕ್ಕ ಬಿಟ್ಟೆ, ಒಂದೊಂದು ಸಲಕ್ಕೆ ಹದಿನೈದು ನಿಮಿಷ ಏರಿಸಲು ಆಯಿತು.

ತಿಂಡಿ ತುಂಬಿದ ಆಟಿಕೆ ಕೊಟ್ಟು ಹೋಗಿ ಅಂತ ಎಲ್ಲರೂ ಹೇಳುತ್ತಾರೆ, ಅಲ್ವಾ? ಚುಕ್ಕಿ ನೆಕ್ಕಿ ಮುಗಿಸುವವರೆಗೆ ಚೆನ್ನಾಗಿರುತ್ತಿದ್ದಳು, ಮುಗಿದ ಕ್ಷಣ ಬಾಗಿಲಿಗೆ ಓಡುತ್ತಿದ್ದಳು. ಎರಡು ವಾರದಲ್ಲಿ ಆಟಿಕೆ ಕಂಡರೇ ನಡುಗತೊಡಗಿದಳು. ತೆಗೆದುಹಾಕಿದೆ. ನಾನು ಹೊರಡುವ ಸೂಚನೆಯಾಗಿದ್ದ ಬೀಗದ ಕೈಯನ್ನು ಮಾತ್ರ ದಿನಕ್ಕೆ ಮೂವತ್ತು ಸಲ ಸುಮ್ನೆ ಕುಲುಕಿ ಸೋಫಾದಲ್ಲಿ ಕೂರುತ್ತಿದ್ದೆ, ಈಗ ಕಿವಿಯೂ ನಿಮಿರುವುದಿಲ್ಲ. ಸಂಗೀತವನ್ನು ಒಂದು ವಾರ ಹಾಕಿ, ಒಂದು ವಾರ ಬಿಟ್ಟು ನೋಡಿದೆ. ಇವಳಿಗೆ ಏನೂ ವ್ಯತ್ಯಾಸವಾಗಲಿಲ್ಲ.

ಅವಳ ಗುಡುಗಿನ ಹೆದರಿಕೆಯದು ಬೇರೆಯೇ ಕಥೆ. ಫೋನಿನಲ್ಲಿ ಗುಡುಗಿನ ಸದ್ದು ಹಾಕಿ ಒಂದು ತಿಂಗಳು ಅಭ್ಯಾಸ ಮಾಡಿಸಿದೆ. ಫೋನಿಗೆ ಜೋರಾದರೂ ನಿದ್ದೆ, ನಿಜವಾದ ಗುಡುಗಿಗೆ ಮಂಚದ ಕೆಳಗೆ. ಪುಟ್ಟ ಸ್ಪೀಕರಿನಲ್ಲಿ ಆ ಕೆಳಸ್ವರದ ಅದುರು ಬರುವುದೇ ಇಲ್ಲ, ನೆಲ ನಡುಗುವುದಿಲ್ಲ. ಬಾಸ್ ಇರುವ ದೊಡ್ಡ ಸ್ಪೀಕರ್ ಎರವಲು ತಂದು, ಕೇಳಿಸಿಯೂ ಕೇಳದಷ್ಟು ಸಣ್ಣ ಸದ್ದಿನಿಂದ ಮತ್ತೆ ಶುರು ಮಾಡಿದೆ. ನಿಜವಾದ ಗುಡುಗು ಬಂದಾಗ ಪ್ರತಿ ಸಲ ಸದ್ದಾದ ಮೇಲೆ ಒಂದು ಚೂರು ಒಳ್ಳೆ ತಿಂಡಿ, ಅವಳು ಏನೇ ಮಾಡುತ್ತಿರಲಿ. ಮೈ ಸವರಿದರೆ ಹೆದರಿಕೆ ಜಾಸ್ತಿಯಾಗುತ್ತೆ ಅನ್ನುವುದನ್ನು ನಂಬಬೇಡಿ, ಅವಳಾಗಿ ಬಂದು ಒರಗಿದರೆ ನಾನು ಸವರುತ್ತೇನೆ. ಕಿಟಕಿಯಿಲ್ಲದ ಬಚ್ಚಲಲ್ಲಿ ಹಾಸಿಗೆ ಇಟ್ಟಿದ್ದೇನೆ, ಬಾಗಿಲು ತೆರೆದೇ ಇರುತ್ತೆ. ಹೊರಬಾಗಿಲು ಮಾತ್ರ ಭದ್ರ, ಕೊರಳಪಟ್ಟಿಯಲ್ಲಿ ಫೋನ್ ನಂಬರು. ಹೆದರಿದ ನಾಯಿ ಎಷ್ಟು ದೂರ ಓಡುತ್ತೆ ಅಂತ ನಿಮಗೆ ಗೊತ್ತು. ಮಂಪರು ಬರಿಸುವ ಏಸ್‌ಪ್ರೊಮಜಿನ್ ಔಷಧಿ ಒಂದನ್ನೇ ಕೊಟ್ಟು ಮಲಗಿಸುವ ಹಳೇ ಪದ್ಧತಿಗೆ ಹೋಗಬೇಡಿ. ಅದು ಮೈಯನ್ನು ಸುಮ್ಮನಾಗಿಸುತ್ತೆ, ಒಳಗಿನ ಹೆದರಿಕೆ ಹಾಗೇ ಇರುತ್ತೆ. ಬೇರೆ ಔಷಧಿಗಳಿವೆ, ವೈದ್ಯರನ್ನು ಕೇಳಿ.

ಒಂಟಿತನದ ಅಭ್ಯಾಸದಲ್ಲಿ, ಒಳಗೆ ಬಂದ ತಕ್ಷಣದ ಹತ್ತು ಸೆಕೆಂಡಿನಲ್ಲಿ ನಾನು ಮಾಡುವ ಒಂದು ಕೆಲಸವಿದೆ. ಅದನ್ನು ಇಲ್ಲಿ ಬರೆಯುತ್ತಿಲ್ಲ. ನಾಯಿಯ ವಿಡಿಯೋ ನೋಡದೆ ಅದನ್ನು ಹೇಳಿಕೊಟ್ಟರೆ ಕೆಡುವುದೇ ಜಾಸ್ತಿ.

ಈ ವಾರ ನಾಲ್ಕೂಕಾಲು ಗಂಟೆಗೆ ಪ್ರಯತ್ನಿಸುತ್ತೇನೆ. ಅದಕ್ಕೂ ಮೊದಲು ಎರಡು ದಿನ ಬರೀ ಹತ್ತು ನಿಮಿಷದ್ದು.