ಪೆಟ್ಟಿಗೆಯನ್ನು ಮಗುಚಿ ನೋಡಿ, ಆಮೇಲೆ ಬೆಲೆ ಕೇಳಿ

ಮಂಗಳೂರಿನಿಂದ ಕಾರಿನಲ್ಲಿ ಹೊರಟು ಕಣ್ಣೂರು, ತಲಶ್ಶೇರಿ, ಕೋಯಿಕ್ಕೋಡ್ ದಾಟಿ ಕೊಚ್ಚಿವರೆಗೆ ಹೋಗಿಬರುವುದು ಒಳ್ಳೆಯ ಪ್ರವಾಸ. ಹೆದ್ದಾರಿ 66ರಲ್ಲಿ ಸುಮಾರು 400 ಕಿಲೋಮೀಟರ್ ದಾರಿ. ಹಳೆ ಸಾಮಾನಿನ ಹುಚ್ಚಿರುವವರು ಕೊನೆಗೆ ಬಂದು ನಿಲ್ಲುವುದು ಮಟ್ಟಾಂಚೇರಿಯ ಜ್ಯೂ ಟೌನ್ ಬೀದಿಯಲ್ಲಿ. ಅಲ್ಲಿ ಜನ ಕೊಳ್ಳುವ ರೀತಿ ನೋಡಿದರೆ ಸಂಕಟವಾಗುತ್ತದೆ. ಹೊಳೆಯುವ ಪೆಟ್ಟಿಗೆಯ ಮುಚ್ಚಳ ಸವರುತ್ತಾರೆ, 'ಎಷ್ಟು ವರ್ಷ ಹಳೇದು?' ಅಂತ ಮಾರುವವರನ್ನೇ ಕೇಳುತ್ತಾರೆ, ಅರ್ಧ ಬೆಲೆಗೆ ಇಳಿಸಿದೆವು ಅಂತ ಖುಷಿಯಲ್ಲಿ ಡಿಕ್ಕಿಗೆ ಹಾಕಿಕೊಳ್ಳುತ್ತಾರೆ. ಎಷ್ಟೋ ಸಲ ಆ ಪೆಟ್ಟಿಗೆ ಹೊಚ್ಚ ಹೊಸದು.

ಕೊಳ್ಳುವ ಮುಂಚೆ ಕಣ್ಣು ಪಳಗಬೇಕು. ಅದಕ್ಕೆ ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್‌ಗಿಂತ ಒಳ್ಳೆಯ ಜಾಗ ಈ ಕರಾವಳಿಯಲ್ಲಿ ಇಲ್ಲ. ನೆಲಸಮವಾಗಲಿದ್ದ ಹಳೆ ಮನೆಗಳನ್ನು ಬಿಚ್ಚಿ ತಂದು ವಿಜಯನಾಥ ಶೆಣೈ ಅಲ್ಲಿ ಮತ್ತೆ ನಿಲ್ಲಿಸಿದರು. ಅರ್ಧ ದಿನ ಸುತ್ತಾಡಿ. ನಿಜವಾಗಿ ಕೈ ಸವೆಸಿದ ಮರ ಹೇಗಿರುತ್ತದೆ ಅಂತ ಗೊತ್ತಾಗುತ್ತದೆ.

ಎರಡನೆಯದು ಕಾನೂನು. 1972ರ ಪುರಾವಸ್ತು ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ಶಿಲ್ಪ, ಚಿತ್ರ, ಕುಶಲ ಕೆಲಸದ ವಸ್ತು, ನಾಣ್ಯ ಪುರಾವಸ್ತುವಾಗುತ್ತದೆ. ಅದನ್ನು ವ್ಯಾಪಾರ ಮಾಡಲು ಲೈಸೆನ್ಸ್ ಬೇಕು, ಖಾಸಗಿಯಾಗಿ ದೇಶದಿಂದ ಹೊರಗೆ ಒಯ್ಯುವ ಹಾಗೇ ಇಲ್ಲ. ಅಮೆರಿಕದಿಂದ ಬಂದ ಅಣ್ಣನ ಸೂಟ್‌ಕೇಸಿಗೆ ಸುಮ್ನೆ ತುರುಕಿ ಕಳಿಸಬೇಡಿ. ಆನೆದಂತ ಕೂರಿಸಿದ್ದು ಎಷ್ಟೇ ಚೆನ್ನಾಗಿರಲಿ, ಮುಟ್ಟಬೇಡಿ. ಅದರ ಮಾರಾಟಕ್ಕೆ ನಿಷೇಧವಿದೆ. ಬೂತದ ಮೊಗ ಅಂದರೆ ಭೂತಾರಾಧನೆಯ ಮುಖವಾಡ, ದೇವಸ್ಥಾನದ ವಿಗ್ರಹ, ಇವನ್ನೂ ಕೊಳ್ಳಬೇಡಿ. ಅವು ಯಾರದೋ ಊರಿನ ಪೂಜೆಯಿಂದ ಎದ್ದು ಬಂದವಾಗಿರಬಹುದು. ಮನೆಯ ಗೋಡೆಗೆ ಅಲಂಕಾರವಾಗಿ ತೂಗುಹಾಕುವ ವಸ್ತು ಅದಲ್ಲ.

ಈಗ ಮುಖ್ಯ ಕೆಲಸ, ಪರೀಕ್ಷೆ. ಕೇರಳದ ನೆಟ್ಟೂರು ಪೆಟ್ಟಿಗೆಯನ್ನೇ ತೆಗೆದುಕೊಳ್ಳಿ. ಒಡವೆ ಇಡುವ ಬೀಟೆ ಮರದ ಪೆಟ್ಟಿಗೆ, ಮನೆಯ ಮಾಡಿನಂತೆ ಇಳಿಜಾರಾದ ಮುಚ್ಚಳ, ಮೇಲೆ ಹಿತ್ತಾಳೆ ಪಟ್ಟಿ. ಮುಂಭಾಗ ನೋಡುತ್ತಾ ನಿಲ್ಲಬೇಡಿ. ಅಂಗಡಿಯವರನ್ನು ಕೇಳಿ ಬೆಳಕಿಗೆ ಒಯ್ಯಿರಿ, ಮಗುಚಿ ಹಾಕಿ. ತಳದ ಹಲಗೆಗೆ ಯಾರೂ ಅಷ್ಟಾಗಿ ಪಾಲಿಶ್ ಹಾಕುವುದಿಲ್ಲ, ಹಾಗಾಗಿ ಸತ್ಯ ಅಲ್ಲೇ ಇರುತ್ತದೆ. ಕೈಗರಗಸದ ಗೀರು ನೇರವಾಗಿ, ಆದರೆ ಒಂದೊಂದು ಒಂದೊಂದು ಅಂತರದಲ್ಲಿ ಇರುತ್ತದೆ. ಬಿಲ್ಲಿನಂತೆ ಬಾಗಿದ ಗೀರು ಸಾಲಾಗಿ ಕಂಡರೆ ಅದು ಮಿಲ್ಲಿನ ವೃತ್ತಾಕಾರದ ಗರಗಸದ ಗುರುತು. ಉಗುರಿನಿಂದ ತಡವಿ, ಏರಿಳಿತ ಸಿಗುತ್ತದೆ.

ಆಮೇಲೆ ಒದ್ದೆ ಮಾಡಿದ ಬಿಳಿ ಕರ್ಚೀಫಿನಿಂದ ಒಳಗಿನ ಮೂಲೆಯನ್ನು ಉಜ್ಜಿ. ಕಂದು ಬಣ್ಣ ಇಳಿದರೆ ಹೊಸ ಮರಕ್ಕೆ ಬಣ್ಣ ಬಳಿದಿರಬಹುದು. ಮುಚ್ಚಳ ತೆರೆದು ಮೂಗು ಹಾಕಿ. ವಾರ್ನಿಶ್ ಅಥವಾ ಬೂಟ್ ಪಾಲಿಶ್ ವಾಸನೆ ಬಂದರೆ ಕೆಳಗಿಟ್ಟುಬಿಡಿ.

ಬಿಜಾಗರಿಗೆ ಬನ್ನಿ. ಪ್ಲಸ್ ತಲೆಯ ಸ್ಕ್ರೂ ಮಾರುಕಟ್ಟೆಗೆ ಬಂದದ್ದೇ 1930ರ ದಶಕದಲ್ಲಿ. ಅಂಥದು ಕಂಡಾಕ್ಷಣ ಪೆಟ್ಟಿಗೆ ನಕಲಿ ಅನ್ನಬೇಡಿ, ರಿಪೇರಿ ಮಾಡಿರಬಹುದು. ಆದರೆ ನಿಜವಾದ ರಿಪೇರಿಯಾದರೆ ಹಳೆ ಬಿಜಾಗರಿ ಕೂತಿದ್ದ ಜಾಗ ತಿಳಿ ಬಣ್ಣದಲ್ಲಿ ಉಳಿದಿರುತ್ತದೆ, ಪಕ್ಕದಲ್ಲಿ ಹಳೆ ತೂತು ಮುಚ್ಚಿದ ಗುರುತೂ ಇರುತ್ತದೆ. ಎರಡೂ ಇಲ್ಲ ಅಂದರೆ ಅನುಮಾನಪಡಿ. ಸವೆತವೂ ಅಷ್ಟೇ. ಹಿಡಿಕೆ ಇಳಿಬಿದ್ದು ತಾಗುವ ಕಡೆ ಮರ ತಗ್ಗಾಗಿರಬೇಕು. ಎಲ್ಲಾ ಕಡೆ ಒಂದೇ ಸಮ ಸವೆದಿದ್ದರೆ ಅದು ಮರಳು ಕಾಗದದ ಕೆಲಸ. ಹಿತ್ತಾಳೆಯ ಮೇಲಿನ ಹಸಿರು ಪುಡಿ ಬೆರಳಿಗೆ ಹತ್ತಿದರೆ ರಾಸಾಯನಿಕ ಹಾಕಿ ಮುದಿ ಮಾಡಿರುವ ಸಾಧ್ಯತೆ ಜಾಸ್ತಿ. ಮರದ ತೂತುಗಳಿಂದ ಬಿಳಿ ಪುಡಿ ಉದುರುತ್ತಿದ್ದರೆ ಕುಟ್ಟೆ ಹುಳ ಇನ್ನೂ ಒಳಗಿದೆ. ಅದನ್ನು ಮನೆಗೆ ತಂದರೆ ನಿಮ್ಮ ಮಂಚಕ್ಕೂ ಹಿಡಿಯಬಹುದು.

ಕಂಚಿನ ಉರುಳಿಯ, ಅಂದರೆ ಅಗಲ ಬಾಯಿಯ ಅಡುಗೆ ಪಾತ್ರೆಯ, ವಿಷಯದಲ್ಲಿ ಇಷ್ಟು ಕಷ್ಟವಿಲ್ಲ. ಅಂಚನ್ನು ಬೆರಳಿನ ಗೆಣ್ಣಿನಿಂದ ತಟ್ಟಿ. ಒಳ್ಳೆಯ ಕಂಚು ಗಂಟೆಯಂತೆ ನಿಡಿದಾಗಿ ಮೊಳಗುತ್ತದೆ, ಬಿರುಕಿದ್ದರೆ ಸದ್ದು ಅಲ್ಲೇ ಸತ್ತುಹೋಗುತ್ತದೆ. ನೀರು ತುಂಬಿ ಹತ್ತು ನಿಮಿಷ ಇಡಿ, ಸೋರುತ್ತದಾ ನೋಡಿ. ಬೆಲೆಯನ್ನು ತೂಕದ ಮೇಲೆ ಲೆಕ್ಕ ಹಾಕಿ: ಆಲಪ್ಪುಳ ಜಿಲ್ಲೆಯ ಮಾನ್ನಾರಿನಲ್ಲಿ ಇವತ್ತಿಗೂ ಕಂಚು ಎರಕ ಹೊಯ್ಯುತ್ತಾರೆ, ಅಲ್ಲಿನ ಕಿಲೋ ದರ ಕೇಳಿಟ್ಟುಕೊಂಡರೆ ಹಳೇದಕ್ಕೆ ಎಷ್ಟು ಹೆಚ್ಚು ಕೊಡುತ್ತಿದ್ದೀರಿ ಅಂತ ತಿಳಿಯುತ್ತದೆ. ಬೆಸುಗೆ ಹಾಕಿದ ಉರುಳಿಯಲ್ಲಿ ಅಡುಗೆ ಮಾಡಬೇಡಿ, ಬೆಸುಗೆಯಲ್ಲಿ ಸೀಸ ಇರಬಹುದು. ಹೂ ತೇಲಿಬಿಡಿ, ಸಾಕು.

ಕೊಳ್ಳಲೇಬಾರದ ಎರಡು ಸಾಮಾನು ಹೇಳಿಬಿಡುತ್ತೇನೆ. ಒಂದು, 1818 ಅಂತ ಇಸವಿ ಹಾಕಿ ರಾಮ, ಸೀತೆ, ಹನುಮಂತರನ್ನು ಅಚ್ಚೊತ್ತಿದ ಈಸ್ಟ್ ಇಂಡಿಯಾ ಕಂಪನಿಯ 'ನಾಣ್ಯ'. ಕಂಪನಿ ಅಂಥ ನಾಣ್ಯವನ್ನು ಟಂಕಿಸಿಯೇ ಇಲ್ಲ. ಇನ್ನೊಂದು, ಲಂಡನ್ ಹೆಸರು ಕೆತ್ತಿದ ಹಿತ್ತಾಳೆ ದಿಕ್ಸೂಚಿ, ದೂರದರ್ಶಕ. ಬಂದರು ಊರಿನಲ್ಲಿ ಹಡಗಿನ ಸಾಮಾನು ಸಿಗುವುದು ಸಹಜ ಅಲ್ವಾ ಅನ್ನಿಸುತ್ತದೆ. ಆದರೆ ಸಾಲುಸಾಲಾಗಿ ಒಂದೇ ಥರ ಜೋಡಿಸಿಟ್ಟಿರುವುದೆಲ್ಲ ಹೊಸ ಮಾಲು. ಹಡಗಿನ ನೆನಪು ಬೇಕಿದ್ದರೆ ಕೋಯಿಕ್ಕೋಡ್ ಪಕ್ಕದ ಬೇಪೂರಿನಲ್ಲಿ ಇಳಿದು, ಉರು ಎಂಬ ಮರದ ಹಡಗು ಕಟ್ಟುವ ಆ ಊರಿನ ಪುಟ್ಟ ಮರದ ಮಾದರಿಯನ್ನು ಹೊಸದೆಂದೇ ತಿಳಿದು ಕೊಳ್ಳಿ. ದುಡ್ಡಿಗೆ ಮೋಸವಿಲ್ಲ.

ಚೌಕಾಶಿ ಮಾಡಿ, ಬಿಲ್ ತೆಗೆದುಕೊಳ್ಳಿ, ಬಿಲ್ಲಿನಲ್ಲಿ ಮರದ ಹೆಸರು ಮತ್ತು ವಯಸ್ಸು ಬರೆಸಿ. ಬರೆದುಕೊಡಲು ಹಿಂಜರಿದರೆ ಎದ್ದು ಬನ್ನಿ.

ಕೊನೆಯದನ್ನು ಬಹಳ ಜನ ಮರೆಯುತ್ತಾರೆ. ಕಡಲ ತೀರದ ತೇವಕ್ಕೆ ಒಗ್ಗಿದ ಮರವನ್ನು ಬೆಂಗಳೂರಿಗೋ ಹುಬ್ಬಳ್ಳಿಗೋ ತಂದು ಬಿಸಿಲು ಬೀಳುವ ಕಿಟಕಿ ಪಕ್ಕ ಇಟ್ಟರೆ ಸೀಳು ಬಿಡುತ್ತದೆ. ಮೊದಲ ಕೆಲವು ವಾರ ಹಳೆ ಹತ್ತಿ ಬೆಡ್‌ಶೀಟ್ ಸುತ್ತಿ ತಂಪು ಕೋಣೆಯಲ್ಲಿಡಿ, ನಿಧಾನವಾಗಿ ಒಣಗಲಿ. ಆಮೇಲೆ ಜೇನುಮೇಣ ತೆಳ್ಳಗೆ ಸವರಿ, ಮೆತ್ತನೆ ಬಟ್ಟೆಯಲ್ಲಿ ಉಜ್ಜಿ. ಮೆಲಮೈನ್ ಪಾಲಿಶ್ ಹಾಕಿಸೋಣ ಅಂತ ಬಡಗಿ ಎಷ್ಟೇ ಒತ್ತಾಯ ಮಾಡಿದರೂ ಒಪ್ಪಬೇಡಿ.