ಏಳು ನಿಮಿಷಕ್ಕೆ ಅರ್ಧ ಕೊಡ

ಮನೆ ಮನೆಗೆ ನಳ ಬಂದ ಮೇಲೂ ನಮ್ಮೂರಿನ ಕೊನೆ ಓಣಿಯವರು ಕೊಡ ಹೊತ್ತು ನೀರಿನ ಟಾಕಿ ಕಡೆಗೇ ಬರುತ್ತಿದ್ದರು. ಕೊಪ್ಪಳ ಜಿಲ್ಲೆ ಕುಷ್ಟಗಿ ತಾಲೂಕಿನ ಸಣ್ಣ ಊರು. ನಾನಾಗ ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಗೆ ಹೊಸಬ. ಸಭೆಯಲ್ಲಿ ಎಲ್ಲರದೂ ಒಂದೇ ಮಾತು: ಇನ್ನೊಂದು ಬೋರ್ ಹಾಕಿಸಿ. ನನಗೆ ಮನಸ್ಸಾಗಲಿಲ್ಲ. ಈ ಭಾಗದ ಬೋರ್ ನೀರಿಗೆ ಹಲ್ಲು, ಮೂಳೆ ಕೆಡಿಸುವ ಫ್ಲೋರೈಡ್ ಕಾಟ ಮೊದಲೇ ಇದೆ, ಲೀಟರಿಗೆ 1.5 ಮಿಲಿಗ್ರಾಂ ದಾಟಿತೆಂದರೆ ಕುಡಿಯುವಂತಿಲ್ಲ.

ಮೊದಲು ಅಳೆದು ನೋಡೋಣ ಅಂದೆ. ಸ್ವಸಹಾಯ ಸಂಘದ ನಾಲ್ವರು ಅಕ್ಕಂದಿರು, ಒಂದು ಪ್ಲಾಸ್ಟಿಕ್ ಕೊಡ, ಒಂದು ಮೊಬೈಲ್. ಬೆಳಿಗ್ಗೆ 6ಕ್ಕೆ ನೀರು ಬಿಟ್ಟ ಕೂಡಲೇ ಟಾಕಿ ಹತ್ತಿರದ ನಳಕ್ಕೆ ಕೊಡ ಹಿಡಿದೆವು. ಒಂದು ನಿಮಿಷದೊಳಗೆ ತುಂಬಿ ಚೆಲ್ಲಿತು. ಕೊನೆ ಓಣಿಯಲ್ಲಿ 7 ನಿಮಿಷಕ್ಕೆ ಅರ್ಧ ಕೊಡ. ಆ ಮನೆಯ ಅವ್ವ, "ಚಾ ಕುಡದು ಬರ್ರಿ, ಅಷ್ಟರಾಗ ತುಂಬಿರತೈತಿ" ಅಂತ ನಕ್ಕಳು.

ಮನೆ ಮನೆಗೆ ನಳ ಕೊಡುವ ಜಲ ಜೀವನ್ ಮಿಷನ್ ಯೋಜನೆಯ ಲೆಕ್ಕದಲ್ಲಿ ತಲೆಗೆ ದಿನಕ್ಕೆ 55 ಲೀಟರ್. ಐದು ಜನರ ಮನೆಗೆ 275, ಅಂದರೆ ನಮ್ಮ 15 ಲೀಟರಿನ ಕೊಡದಲ್ಲಿ ಹದಿನೆಂಟು ಕೊಡ. ಸಭೆಯಲ್ಲಿ ಲೀಟರು ಯಾರ ತಲೆಗೂ ಹೋಗಲಿಲ್ಲ. ಹದಿನೆಂಟು ಕೊಡ ಅಂದಾಗ ಗದ್ದಲವೆದ್ದಿತು.

ನೀರಿಗೇನೂ ಬರವಿರಲಿಲ್ಲ. ಎಲ್ಲ ಓಣಿಗಳ ವಾಲ್ವ್ ಒಮ್ಮೆಲೇ ತೆರೆದಿರುತ್ತಿದ್ದವು, ಸಾಲದ್ದಕ್ಕೆ ಕೆಲವರು ನಳಕ್ಕೆ ಮೋಟರ್ ಹಚ್ಚಿ ಎಳೆಯುತ್ತಿದ್ದರು. ಅದರಲ್ಲಿ ನಮ್ಮ ಸೋದರಮಾವನೂ ಒಬ್ಬ. ಮೋಟರ್ ಬಿಚ್ಚಿಸಿದ್ದಕ್ಕೆ ಮೂರು ತಿಂಗಳು ನನ್ನ ಜತೆ ಮಾತು ಬಿಟ್ಟಿದ್ದ.

ಸರದಿ ಮಾಡಿದೆವು. ಟಾಕಿ ತುಂಬಿದ್ದಾಗ ಮೊದಲ ಪಾಳಿ ಕೊನೆ ಓಣಿಗೆ. ಮೊದಲ ವಾರವೇ ಯಾರೋ ರಾತ್ರಿ ವಾಲ್ವ್ ಚೇಂಬರಿಗೆ ಕಲ್ಲು ತುಂಬಿದರು. ಬೈಗುಳವೆಲ್ಲ ವಾಲ್ವ್ ತಿರುವಿ ನೀರು ಬಿಡುವ ನೀರಗಂಟಿಯ ಪಾಲಿಗೇ. ಪಾಪ, ಕೆಲಸ ಬಿಡುತ್ತೇನೆಂದ. ಆಮೇಲೆ ವಾಲ್ವ್ ತಿರುವುವಾಗ ಆಯಾ ಓಣಿಯ ಒಬ್ಬ ಹೆಣ್ಣುಮಗಳು ಜತೆಗಿರಬೇಕು ಅಂತ ಮಾಡಿದೆವು. ಜಗಳ ನಿಲ್ಲಲಿಲ್ಲ, ಆದರೆ ಅವನನ್ನು ಬಿಟ್ಟು ಓಣಿಯೊಳಗೆ ಹೋಯಿತು. ಈಗ ಕ್ಲೋರಿನ್ ಪರೀಕ್ಷೆಯನ್ನೂ ಅಕ್ಕಂದಿರೇ ಕೊನೆ ನಳದಲ್ಲಿ ಮಾಡುತ್ತಾರೆ. ಪರೀಕ್ಷೆಯ ದ್ರಾವಣದ ಹನಿ ಬಿಟ್ಟಾಗ ನೀರು ತಿಳಿ ಹಳದಿಗೆ ತಿರುಗಬೇಕು, ಆಗ ಕ್ಲೋರಿನ್ ಅಲ್ಲಿವರೆಗೂ ಬಂದಿದೆ ಅಂತ.

ಕೊನೆ ಓಣಿಯ ಶೌಚಾಲಯಗಳು ಕುಳ್ಳು (ಬೆರಣಿ), ಕಟ್ಟಿಗೆ ಇಡುವ ಕೋಣೆಗಳಾಗಿದ್ದವು. ನೀರು ಬಂದ ಮೇಲೆ ಹೆಚ್ಚಿನವು ಖಾಲಿಯಾದವು. ಚಾ ಕುಡಿದು ಬಾ ಅಂದಿದ್ದ ಅವ್ವನ ಮನೆಯದು ಮಾತ್ರ ಇಲ್ಲ. ಕೇಳಿದರೆ, "ಮಳಿಗಾಲ ಮುಗೀಲಿ ತಮ್ಮಾ, ಕುಳ್ಳು ಎಲ್ಲಿಡ್ಲಿ?" ಅನ್ನುತ್ತಾಳೆ.