ವರ್ಚುವಲ್ ಮಷೀನ್ ಡಿಸ್ಕಿಗೆ ಬ್ಲಾಕ್ ಸೈಜ್ ಹಾಕಿದ್ದು: ಗಂಗಾವತಿ ರೈಸ್‌ಮಿಲ್ಲಿನ ಅನುಭವ

ವರ್ಚುವಲ್ ಮಷೀನಿಗೆ (ವಿಎಂ, ಅಂದರೆ ಒಂದು ಕಂಪ್ಯೂಟರಿನ ಒಳಗೆ ಸಾಫ್ಟ್‌ವೇರ್‌ನಿಂದ ನಡೆಯುವ ಇನ್ನೊಂದು ಕಂಪ್ಯೂಟರಿಗೆ) ಡಿಸ್ಕ್ ಕೊಡುವಾಗ ಎಲ್ಲರೂ ನೋಡುವುದು ಎಷ್ಟು ಜಿಬಿ ಅಂತ. ಬ್ಲಾಕ್ ಸೈಜ್ (ಡಿಸ್ಕ್ ಒಂದು ಸಲಕ್ಕೆ ಓದುವ, ಬರೆಯುವ ತುಣುಕಿನ ಅಳತೆ) ಎಷ್ಟು ಅಂತ ಯಾರೂ ಕೇಳುವುದಿಲ್ಲ. ನಾವು ಹೇಳದಿದ್ದರೆ ವಿಎಂ ನಡೆಸುವ ಕ್ಯೂಎಮು ಸಾಫ್ಟ್‌ವೇರ್ ತಾನೇ 512 ಬೈಟ್ ಅಂತ ಹಾಕಿಕೊಳ್ಳುತ್ತದೆ. ಒಳಗಿನ ಓಎಸ್ ಅದನ್ನೇ ನಂಬಿ ನಡೆಯುತ್ತದೆ. ಕೆಳಗಿರುವ ನಿಜವಾದ ಡಿಸ್ಕ್ 4096 ಬೈಟಿನದ್ದಾಗಿದ್ದರೆ ತೊಂದರೆ ಅಲ್ಲೇ ಶುರು. ಈ ಸಂಖ್ಯೆಯನ್ನು ಡಿಸ್ಕ್ ಮಾಡುವ ದಿನವೇ ಸರಿಯಾಗಿ ಹಾಕಬೇಕು. ಅದು ಯಾಕೆ ಅಂತ ಬರೆಯುತ್ತೇನೆ.

ನಾನು ಗಂಗಾವತಿ, ಕಾರಟಗಿ ಕಡೆಯ ರೈಸ್‌ಮಿಲ್‌ಗಳ ಕಂಪ್ಯೂಟರ್ ಕೆಲಸ ನೋಡಿಕೊಳ್ಳುತ್ತೇನೆ. ಒಂದು ಮಿಲ್ಲಿನಲ್ಲಿ ಒಂದೇ ಸರ್ವರ್ ಮೇಲೆ ಕೆವಿಎಂ (ಕ್ಯೂಎಮು ಜೊತೆ ಕೆಲಸ ಮಾಡುವ ಲಿನಕ್ಸಿನ ಸೌಲಭ್ಯ) ಹಾಕಿ ಎರಡು ವಿಎಂ ನಡೆಸುತ್ತಿದ್ದರು. ಒಂದರಲ್ಲಿ ವಿಂಡೋಸ್ ಮತ್ತು ಟ್ಯಾಲಿ, ಇನ್ನೊಂದರಲ್ಲಿ ಲಿನಕ್ಸ್ ಮತ್ತು ವೇಬ್ರಿಡ್ಜ್ ಸಾಫ್ಟ್‌ವೇರ್. ಪ್ರತಿ ತೂಕಕ್ಕೂ ಡೇಟಾಬೇಸಿಗೆ ಒಂದು ಎಂಟ್ರಿ, ಕ್ಯಾಮೆರಾದ ಫೋಟೊ ಒಂದು ಫೈಲು. ಎರಡೂ ಡಿಸ್ಕಿಗೆ ಇಳಿದ ಮೇಲೆಯೇ ಚೀಟಿ ಪ್ರಿಂಟ್ ಆಗಬೇಕು.

ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತ ಕೊಯ್ಲಿಗೆ ಬಂದಾಗ ಮಿಲ್ಲಿನ ಗೇಟಿನಿಂದ ರಸ್ತೆವರೆಗೂ ಟ್ರ್ಯಾಕ್ಟರ್ ಸಾಲು ನಿಲ್ಲುತ್ತದೆ. ವೇಬ್ರಿಡ್ಜ್ ಕ್ಯಾಬಿನ್‌ನ ಗುಮಾಸ್ತರು ಫೋನ್ ಮಾಡಿದರು. "ಸರ, ಸೇವ್ ಒತ್ತಿದ್ರ ಹಂಗ ನಿಂದ್ರತೈತ್ರಿ. ಹಿಂದ ಟ್ರ್ಯಾಕ್ಟರ್‌ನವ್ರು ಹಾರ್ನ್ ಹೊಡ್ಯಾಕತ್ತಾರ." ಬೇರೆ ದಿನಗಳಲ್ಲಿ ಗೊತ್ತಾಗದ ನಿಧಾನ, ಸುಗ್ಗಿಯಲ್ಲಿ ಎದ್ದು ಕಾಣುತ್ತಿತ್ತು.

ಹೋಗಿ ನೋಡಿದೆ. ಸಿಪಿಯು ಖಾಲಿ ಕೂತಿತ್ತು. ಮೆಮೊರಿ ಬೇಕಾದಷ್ಟಿತ್ತು. ಡಿಸ್ಕಿನ ಓದು-ಬರಹ ತೋರಿಸುವ ಐಒಸ್ಟ್ಯಾಟ್ ಕಮಾಂಡ್ ಹಾಕಿದರೆ ಡಿಸ್ಕಿನ ಮೇಲೆ ಓದುವ ಕೆಲಸವೇ ಇಲ್ಲ, ಬರೆಯುವುದೂ ಸ್ವಲ್ಪವೇ. ಆದರೂ ಒಂದೊಂದು ಬರಹಕ್ಕೂ ಕಾಯುವ ಸಮಯ ಜಾಸ್ತಿ. ಇಷ್ಟು ಕಡಿಮೆ ಕೆಲಸಕ್ಕೆ ಇಷ್ಟು ಹೊತ್ತು ಯಾಕೆ ಅಂತ ಹೋಸ್ಟ್‌ನಲ್ಲಿ (ವಿಎಂಗಳನ್ನು ಹೊತ್ತ ಸರ್ವರಿನಲ್ಲಿ) ಡಿಸ್ಕಿನ ವಿವರ ತೋರಿಸುವ ಎಲ್‌ಎಸ್‌ಬಿಎಲ್‌ಕೆ ಕಮಾಂಡನ್ನು ಮೈನಸ್ ಟಿ ಹಾಕಿ ಓಡಿಸಿದೆ. ಫಿಸಿಕಲ್ ಸೆಕ್ಟರ್ (ಡಿಸ್ಕ್ ಒಳಗೆ ನಿಜವಾಗಿ ಬರೆಯುವ ಬ್ಲಾಕ್) 4096, ಲಾಜಿಕಲ್ ಸೆಕ್ಟರ್ (ಹೊರಗೆ ತೋರಿಸುವ ಬ್ಲಾಕ್) 512. ಅದೇ ಕಮಾಂಡ್ ವಿಎಂ ಒಳಗೆ ಕೊಟ್ಟರೆ ಎರಡೂ ಕಾಲಂನಲ್ಲಿ 512. ಇಲ್ಲೇ ಗೊತ್ತಾಯಿತು.

ಹಾರ್ಡ್‌ಡಿಸ್ಕ್‌ಗಳು ಮೊದಲು 512 ಬೈಟಿನ ಸೆಕ್ಟರ್‌ನಲ್ಲೇ ಇದ್ದವು. 2011ರ ಹೊತ್ತಿಗೆ ಕಂಪನಿಗಳೆಲ್ಲ 4096 ಬೈಟಿನ ಅಡ್ವಾನ್ಸ್ಡ್ ಫಾರ್ಮ್ಯಾಟ್ ಕಡೆ ಹೊರಳಿದವು. ಹಳೆಯ ಓಎಸ್‌ಗಳು ಕೆಡಬಾರದು ಅಂತ ಹೊರಗೆ ಮಾತ್ರ 512 ಎಂದು ತೋರಿಸುವ ಡಿಸ್ಕ್‌ಗಳು ಬಂದವು. ಇವಕ್ಕೆ 512ಇ ಅನ್ನುತ್ತಾರೆ. ಇಂಥ ಡಿಸ್ಕಿಗೆ 512 ಬೈಟಿನ ತುಣುಕು ಬರೆಯಲು ಕೊಟ್ಟರೆ ಅದು 4096 ಬೈಟನ್ನು ಪೂರ್ತಿ ಓದಿ, ನಡುವೆ ಆ ತುಣುಕು ಸೇರಿಸಿ, ಮತ್ತೆ ಪೂರ್ತಿ ಬರೆಯಬೇಕು. ಒಂದು ಸೇರು ಭತ್ತ ಸೇರಿಸಲು ಹೊಲೆದ ಚೀಲ ಬಿಚ್ಚಿ ಮತ್ತೆ ಹೊಲೆದ ಹಾಗೆ. ಓದಿದ ಜಾಗ ಮತ್ತೆ ಹೆಡ್ಡಿನ ಕೆಳಗೆ ಬರಲು ತಟ್ಟೆ ಒಂದು ಸುತ್ತು ತಿರುಗಬೇಕು. 7200 ಆರ್‌ಪಿಎಂ ಡಿಸ್ಕಿನಲ್ಲಿ ಒಂದು ಸುತ್ತಿಗೆ ಸುಮಾರು 8.3 ಮಿಲಿಸೆಕೆಂಡ್. ಈ ಓದು ಡಿಸ್ಕಿನ ಒಳಗೇ ನಡೆಯುವುದರಿಂದ ಐಒಸ್ಟ್ಯಾಟ್‌ಗೆ ಕಾಣುವುದೇ ಇಲ್ಲ.

ಅಷ್ಟು ಸಣ್ಣ ತುಣುಕು ಬರೆಯುತ್ತಿದ್ದವರು ಯಾರು? ಎಕ್ಸ್‌ಎಫ್‌ಎಸ್‌ನ ಲಾಗ್. ಎಕ್ಸ್‌ಎಫ್‌ಎಸ್ ಅಂದರೆ ಆ ಲಿನಕ್ಸ್ ವಿಎಂನ ಫೈಲ್‌ಸಿಸ್ಟಮ್, ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ; ಲಾಗ್ ಅಂದರೆ ಅದು ಬದಲಾವಣೆಗಳನ್ನು ಮೊದಲು ಬರೆದಿಡುವ ಜಾಗ. ಫೈಲ್‌ಸಿಸ್ಟಮ್ ಮಾಡುವಾಗ ಡಿಸ್ಕ್ ಹೇಳಿದ ಫಿಸಿಕಲ್ ಸೈಜ್ ನೋಡಿ ಎಕ್ಸ್‌ಎಫ್‌ಎಸ್ ತನ್ನ ಸೆಕ್ಟರ್ ಸೈಜ್ ಇಟ್ಟುಕೊಳ್ಳುತ್ತದೆ. ಇಲ್ಲಿ 512 ಅಂತ ಹೇಳಿಸಿಕೊಂಡಿತ್ತು. ಹೊಸ ಫೋಟೊ ಫೈಲ್ ಬಂದು ಸಿಂಕ್ ಆದಾಗಲೆಲ್ಲ (ಡಿಸ್ಕಿಗೆ ಇಳಿದಾಗಲೆಲ್ಲ) 512ರ ಲೆಕ್ಕದಲ್ಲೇ ಲಾಗ್ ಬರೆಯುತ್ತಿತ್ತು.

ವಿಎಂ ಡಿಸ್ಕಿನ ಕ್ಯಾಶೆ ಮೋಡನ್ನು (ಬರಹವನ್ನು ಮೆಮೊರಿಯಲ್ಲಿ ಹಿಡಿದಿಡುವ ರೀತಿಯನ್ನು) ಅನ್‌ಸೇಫ್ ಮಾಡಿಬಿಡಿ, ಹಾರಿಕೊಂಡು ಹೋಗುತ್ತೆ ಅಂತ ಪರಿಚಯದವರೊಬ್ಬರು ಹೇಳಿದರು. ನಾನು ಒಪ್ಪಲಿಲ್ಲ. ಹಾಗೆ ಮಾಡಿದರೆ ಈಗಲೇ ಡಿಸ್ಕಿಗೆ ಬರೆ ಅಂತ ವಿಎಂ ಕೇಳುವ ಫ್ಲಶ್ ಅನ್ನು ಹೋಸ್ಟ್ ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಕರೆಂಟ್ ಹೋಗಿ ಯುಪಿಎಸ್ ಕೈಕೊಟ್ಟರೆ ಚೀಟಿ ರೈತನ ಕೈಯಲ್ಲಿರುತ್ತದೆ, ಎಂಟ್ರಿ ಮಾತ್ರ ಇರುವುದಿಲ್ಲ. ಆ ಎಂಟ್ರಿ ಮೇಲೆಯೇ ಅವನ ದುಡ್ಡು. ಕ್ಯಾಶೆ ಮೋಡನ್ನು "none" ಅಂತಲೇ ಉಳಿಸಿದೆ.

ಬ್ಲಾಕ್ ಸೈಜ್ ಸರಿಮಾಡಲು, ವಿಎಂಗಳನ್ನು ನಿರ್ವಹಿಸುವ ಲಿಬ್‌ವರ್ಟ್‌ನಲ್ಲಿ ಒಂದೇ ಸಾಲು. ವಿಎಂ ಆಫ್ ಮಾಡಿ, ವರ್ಶ್ ಎಡಿಟ್ ಕಮಾಂಡಿನಿಂದ ಅದರ ಸೆಟ್ಟಿಂಗ್ ಫೈಲ್ ತೆರೆದು, ಡಿಸ್ಕ್ ಟ್ಯಾಗಿನ ಒಳಗೆ ಬ್ಲಾಕ್‌ಐಒ ಅನ್ನುವ ಟ್ಯಾಗ್ ಸೇರಿಸಬೇಕು. ಅದರಲ್ಲಿ ಲಾಜಿಕಲ್ ಬ್ಲಾಕ್ ಸೈಜ್ 512, ಫಿಸಿಕಲ್ ಬ್ಲಾಕ್ ಸೈಜ್ 4096 ಕೊಟ್ಟೆ. ಈ ಎರಡರ ವ್ಯತ್ಯಾಸ ಚೆನ್ನಾಗಿ ತಿಳಿದಿರಬೇಕು. ಫಿಸಿಕಲ್ ಅನ್ನುವುದು ಸಲಹೆ ಅಷ್ಟೇ: ಇಷ್ಟಿಷ್ಟು ಬರೆದರೆ ಒಳ್ಳೆಯದು ಅಂತ. ಲಾಜಿಕಲ್ ಅನ್ನುವುದು ವಿಳಾಸದ ಅಳತೆ. ಓದುವುದು, ಬರೆಯುವುದು ಎಲ್ಲ ಅದರ ಲೆಕ್ಕದಲ್ಲೇ.

ಹಾಗಾಗಿ ಡೇಟಾ ಇರುವ ಡಿಸ್ಕಿನ ಲಾಜಿಕಲ್ ಸೈಜ್ ಮುಟ್ಟಲೇಬೇಡಿ. ಪಾರ್ಟಿಷನ್‌ಗಳ (ಡಿಸ್ಕಿನ ಭಾಗಗಳ) ಪಟ್ಟಿಯಾದ ಜಿಪಿಟಿ ಟೇಬಲ್ಲಿನ ಹೆಡರ್ ಇರುವುದು, ಸೊನ್ನೆಯಿಂದ ಎಣಿಸಿದರೆ, ಒಂದನೇ ಬ್ಲಾಕಿನಲ್ಲಿ. 512 ಇದ್ದಾಗ ಅದು 512ನೇ ಬೈಟಿನಲ್ಲಿ, 4096 ಮಾಡಿದರೆ ಓಎಸ್ 4096ನೇ ಬೈಟಿನಲ್ಲಿ ಹುಡುಕುತ್ತದೆ. ಪಾರ್ಟಿಷನ್ನೇ ಸಿಗುವುದಿಲ್ಲ. 512 ಸೆಕ್ಟರಿನ ಎಕ್ಸ್‌ಎಫ್‌ಎಸ್ ಕೂಡ 4096 ಲಾಜಿಕಲ್ ಡಿಸ್ಕಿನ ಮೇಲೆ ಮೌಂಟ್ ಆಗುವುದಿಲ್ಲ (ತೆರೆದುಕೊಳ್ಳುವುದಿಲ್ಲ). ಬೂಟ್ ಡಿಸ್ಕಾದರೆ ಇನ್ನೊಂದು ಅಡ್ಡಿ: ಕಂಪ್ಯೂಟರ್ ಎಬ್ಬಿಸುವ ಹಳೆಯ ಬಯೋಸ್ ದಾರಿಯಲ್ಲಿ ಲಾಜಿಕಲ್ 4096 ನಡೆಯುವುದಿಲ್ಲ, ಹೊಸ ದಾರಿಯಾದ ಯುಇಎಫ್‌ಐ ಬೇಕು.

ಮಿತಿಗಳೂ ಇವೆ. ಸಂಖ್ಯೆ ಎರಡರ ಘಾತವಾಗಿರಬೇಕು, 512ಕ್ಕಿಂತ ಕಡಿಮೆ ಇರಬಾರದು. ಲಾಜಿಕಲ್ ಸಂಖ್ಯೆ ಫಿಸಿಕಲ್‌ಗಿಂತ ದೊಡ್ಡದಿದ್ದರೆ ವಿಎಂ ಸ್ಟಾರ್ಟೇ ಆಗುವುದಿಲ್ಲ. ಮೇಲಿನ ಮಿತಿ ಮೊದಲು 32 ಕಿಲೋಬೈಟ್ ಇತ್ತು. 2020ರಲ್ಲಿ ಬಂದ ಕ್ಯೂಎಮು 5.1ರಲ್ಲಿ 2 ಮೆಗಾಬೈಟ್‌ಗೆ ಏರಿಸಿದರು. ಬಿಡುತ್ತಾರೆ ಅಂತ ಸುಮ್ನೆ ದೊಡ್ಡ ಸಂಖ್ಯೆ ಹಾಕಬಾರದು. ಫಿಸಿಕಲ್ 4096ಕ್ಕಿಂತ ಜಾಸ್ತಿ ಕಂಡರೆ ಎಸ್‌ಕ್ಯೂಎಲ್ ಸರ್ವರ್‌ನಂಥ ಡೇಟಾಬೇಸ್ ಸಾಫ್ಟ್‌ವೇರ್ ಏಳುವುದೇ ಇಲ್ಲ. ನಮ್ಮಂಥ ಕಡೆ 4096 ಸಾಕು.

ಇಷ್ಟಕ್ಕೆ ಕೆಲಸ ಮುಗಿಯಲಿಲ್ಲ. ಹಳೆಯ ಫೈಲ್‌ಸಿಸ್ಟಮ್ ತಾನು ಹುಟ್ಟಿದಾಗ ಹಿಡಿದ 512 ಅನ್ನು ಬಿಡುವುದಿಲ್ಲ. ಅದಕ್ಕೇ ಡಿಸ್ಕಿನ ಜಾಗ ಹಂಚುವ ಎಲ್‌ವಿಎಂನಲ್ಲಿ ಹೊಸ ವಾಲ್ಯೂಮ್ (ವಿಎಂಗೆ ಡಿಸ್ಕಾಗಿ ಕೊಡುವ ತುಂಡು) ಮಾಡಿ, ಬ್ಲಾಕ್‌ಐಒ ಸಾಲಿನ ಜೊತೆಗೇ ವಿಎಂಗೆ ಸೇರಿಸಿದೆ. ಒಳಗೆ ಹೊಸದಾಗಿ ಎಕ್ಸ್‌ಎಫ್‌ಎಸ್ ಹಾಕಿದೆ. ಎಕ್ಸ್‌ಎಫ್‌ಎಸ್ ಇನ್ಫೋ ಕೊಟ್ಟಾಗ ಸೆಕ್ಟರ್ ಸೈಜ್ 4096 ಅಂತ ಬಂತು. ರಾತ್ರಿ ತೂಕ ನಿಂತ ಮೇಲೆ ಡೇಟಾಬೇಸ್ ನಿಲ್ಲಿಸಿ, ಎಲ್ಲವನ್ನೂ ಆರ್‌ಸಿಂಕ್‌ನಿಂದ ಹೊಸ ವಾಲ್ಯೂಮಿಗೆ ನಕಲು ಮಾಡಿ, ಮೌಂಟ್ ಬದಲಿಸಿದೆ. ಹಳೆಯ ವಾಲ್ಯೂಮನ್ನು ಸುಗ್ಗಿ ಮುಗಿಯುವವರೆಗೂ ಅಳಿಸಲಿಲ್ಲ.

ಮರುದಿನ ಕ್ಯಾಬಿನ್‌ನಲ್ಲೇ ಕೂತು ನೋಡಿದೆ. ಗುಮಾಸ್ತರು ಎಂಟರ್ ಒತ್ತಿದ ಕೈ ತೆಗೆಯುವಷ್ಟರಲ್ಲಿ ಪ್ರಿಂಟರ್ ಸದ್ದು ಶುರು. ಐಒಸ್ಟ್ಯಾಟ್‌ನಲ್ಲಿ ಬರಹದ ಕಾಯುವಿಕೆ ಚೆನ್ನಾಗಿ ಇಳಿದಿತ್ತು. ಒಂದು ರೂಪಾಯಿ ಹಾರ್ಡ್‌ವೇರ್ ಕೊಂಡಿರಲಿಲ್ಲ.

ಟ್ಯಾಲಿಯ ವಿಂಡೋಸ್ ವಿಎಂ ಮುಟ್ಟಲಿಲ್ಲ. ಅಲ್ಲಿ ವಿಂಡೋಸಿನ ಫೈಲ್‌ಸಿಸ್ಟಮ್ ಎನ್‌ಟಿಎಫ್‌ಎಸ್‌ನ ಕ್ಲಸ್ಟರ್ (ಬರೆಯುವ ತುಣುಕು) 4096, ಪಾರ್ಟಿಷನ್ ಶುರುವಾಗುವುದು 1 ಮೆಗಾಬೈಟ್‌ನಿಂದ, ದೂರೂ ಇರಲಿಲ್ಲ. ನಿಮ್ಮಲ್ಲಿ ತುಂಬಾ ಹಳೆಯ ವಿಎಂ ಇದ್ದರೆ ಪಾರ್ಟಿಷನ್ 63ನೇ ಸೆಕ್ಟರಿನಿಂದ ಶುರುವಾಗಿದೆಯಾ ಅಂತ ನೋಡಿ. 63ನ್ನು 512ರಿಂದ ಗುಣಿಸಿದರೆ 32256. ಅದು 4096ರಿಂದ ಭಾಗವಾಗುವುದಿಲ್ಲ. ಆಗ ಬ್ಲಾಕ್‌ಐಒ ಹಾಕಿಯೂ ಪ್ರಯೋಜನವಿಲ್ಲ, ಮೊದಲು ಪಾರ್ಟಿಷನ್ ಸರಿಮಾಡಬೇಕು.

ಎಷ್ಟೋ ಎಸ್‌ಎಸ್‌ಡಿಗಳು ಫಿಸಿಕಲ್ ಸೈಜನ್ನೂ 512 ಎಂದೇ ಹೇಳುತ್ತವೆ, ಒಳಗಿನ ಪೇಜ್ (ನಿಜವಾಗಿ ಬರೆಯುವ ತುಣುಕು) ಅದಕ್ಕಿಂತ ದೊಡ್ಡದಿದ್ದರೂ. ಅವುಗಳ ಮೇಲಿನ ವಿಎಂಗೂ ನಾನು ಫಿಸಿಕಲ್ 4096 ಅಂತಲೇ ಕೊಡುತ್ತೇನೆ. ಹೊಸ ವಿಎಂ ಮಾಡುವ ನನ್ನ ಟೆಂಪ್ಲೇಟಿನಲ್ಲಿ ಈಗ ಆ ಸಾಲು ಇದ್ದೇ ಇರುತ್ತದೆ. ಅದೇ ಫೈಲಿನ ಡಿಸ್ಕ್ರಿಪ್ಷನ್ ಟ್ಯಾಗಿನಲ್ಲಿ ಯಾವ ಡಿಸ್ಕಿಗೆ ಯಾವ ಸಂಖ್ಯೆ ಕೊಟ್ಟಿದ್ದೇನೆ ಅಂತ ಬರೆದಿಡುತ್ತೇನೆ. ಡಿಸ್ಕ್ ಇಮೇಜಿನ ಬ್ಯಾಕಪ್‌ನಿಂದ ಬೇರೆ ಸರ್ವರಿನಲ್ಲಿ ವಿಎಂ ಎಬ್ಬಿಸುವವರಿಗೆ ಮೊದಲು ಬೇಕಾಗುವುದು ಅದೇ ಲಾಜಿಕಲ್ ಸಂಖ್ಯೆ.